ಒದೆಯುವ ಹಸು

ಡಲ್ಲಾಸಿನಲ್ಲಿ ನೆಲೆಸಿದ ನಮ್ಮಂಥವರಿಗೆ ಕ್ರಿಕೆಟ್ ತವರಿನ ನೆಂಟನಾದರೆ, ಕೌಬಾಯ್ಸ್ ಫುಟ್‌ಬಾಲ್ ತಂಡ ಪಕ್ಕದ ಮನೆಯವರಿದ್ದಂತೆ. ಮಕ್ಕಳ ದೆಸೆಯಿಂದ ಪರಿಚಯವಾಗಿ ಆಮೇಲೆ ಬಿಡಲಾಗದಷ್ಟು ಬಳಕೆಯಾಯಿತು. ಹಾಗಾಗಿ 2006ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಟೆರೆಲ್ ಓವೆನ್ಸ್‌ನನ್ನು ಕೈಬಿಟ್ಟು, ನಮ್ಮ ತಂಡದ ಒಡೆಯ ಜೆರಿ ಜೋನ್ಸ್ ಅವನ ಮೇಲೆ ಕಣ್ಣಿಟ್ಟಾಗ ನಮ್ಮ ಮನೆಗಳಲ್ಲಿ ಎರಡು ಪಕ್ಷಗಳಾದವು.

ಆಟ ತಿಳಿಯದ ಹಿರಿಯರಿಗೆ ಒಂದು ಮಾತು: ವೈಡ್ ರಿಸೀವರ್ ಎಂದರೆ ಮುಂದಕ್ಕೆ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ಫ್ರೀ ಏಜೆಂಟ್ ಎಂದರೆ ಯಾವ ತಂಡದ ಹಂಗೂ ಇಲ್ಲದೆ ಬೇಕಾದವರೊಡನೆ ಒಪ್ಪಂದ ಮಾಡಿಕೊಳ್ಳಬಲ್ಲವನು.

ಹಿಡಿಯುವುದರಲ್ಲಿ ಓವೆನ್ಸ್ ನಿಸ್ಸೀಮ. ಕಾಲಿನ ಮೂಳೆ ಮುರಿದ ಏಳೇ ವಾರಕ್ಕೆ, 2005ರ ಸೂಪರ್ ಬೌಲ್‌ನಲ್ಲಿ 9 ಪಾಸ್ ಹಿಡಿದು 122 ಗಜ ಗಳಿಸಿದ್ದ. ಆದರೆ ಬಾಯಿ? ಅದೇ ವರ್ಷದ ನವೆಂಬರಿನಲ್ಲಿ ಸ್ವಂತ ತಂಡವನ್ನೇ ಆಡಿಕೊಂಡು, ಉಳಿದ ಪಂದ್ಯಗಳಿಗೆಲ್ಲ ಮನೆಯಲ್ಲೇ ಕೂತ. ನಮಗೆ ಹೆಚ್ಚು ಉರಿದದ್ದು 2000ದ ಸೆಪ್ಟೆಂಬರಿನ ಸಂಗತಿ. ಅರ್ವಿಂಗ್‌ನ ಟೆಕ್ಸಸ್ ಸ್ಟೇಡಿಯಂನಲ್ಲಿ, ಆಗ ಸ್ಯಾನ್ ಫ್ರಾನ್ಸಿಸ್ಕೊ ಪರ ಆಡುತ್ತಿದ್ದವನು, ಟಚ್‌ಡೌನ್ ಮಾಡಿ ಮೈದಾನದ ನಡುವಿನ ನಮ್ಮ ನಕ್ಷತ್ರದ ಮೇಲೆ ಓಡಿಬಂದು ಮೆರೆದಿದ್ದ. ಒಂದು ಸಲವಲ್ಲ, ಎರಡು ಸಲ!

ಮಾರ್ಚ್ 18ರ ಶನಿವಾರ ಒಪ್ಪಂದವಾಯಿತು: 3 ವರ್ಷ, ಎರಡೂವರೆ ಕೋಟಿ ಡಾಲರ್. ಅವನಿಗಾಗಲೇ 32 ವಯಸ್ಸು. ಮರುದಿನ ಮಕ್ಕಳು ಕನ್ನಡ ತರಗತಿಯಲ್ಲಿ ಒತ್ತಕ್ಷರ ತಿದ್ದುತ್ತಿದ್ದರೆ ಹೊರಗೆ ನಮ್ಮ ಪಂಚಾಯಿತಿ.

"ಹಾಲು ಕೊಡೋ ಹಸು ಒದ್ದರೂ ತಡಕೋಬೇಕು ಕಣ್ರೀ" ಎಂದರು ಒಬ್ಬರು.

"ತಡಕೋಬಹುದು. ಕರೆದ ಹಾಲನ್ನೇ ಒದ್ದು ಚೆಲ್ಲಿದರೆ?" ಎಂದರು ಅವರ ಮನೆಯವರು.

ತಂಡದ ಒಟ್ಟು ಸಂಬಳಕ್ಕೆ ಲೀಗ್ ಮಿತಿ ಹಾಕಿದೆ. ಒಬ್ಬನಿಗೇ ಸುರಿದರೆ ಮಿಕ್ಕವರಿಗೆ ಕೊರತೆ ಎಂದು ಇನ್ನೊಬ್ಬರು ಲೆಕ್ಕ ಒಪ್ಪಿಸಿದರು. ಅದಕ್ಕೇನೋ ಸಮಾಧಾನ ಹೇಳಬಹುದಿತ್ತು. "ಒಳಗೆ ಹಿರಿಯರಿಗೆ ಎದುರಾಡಬೇಡ ಅಂತ ಕಲಿಸಿ, ಹೊರಗೆ ಇವನ 81ರ ಅಂಗಿ ಕೊಡಿಸೋದಾ?" ಎಂದು ತಾಯಿಯೊಬ್ಬರು ಕೇಳಿದಾಗ ಯಾರೂ ಮಾತಾಡಲಿಲ್ಲ. ಅಂಗಿಯನ್ನಂತೂ ಕೊಡಿಸಿದೆವು.

ಮೂರು ವರ್ಷಗಳಲ್ಲಿ ಅವನು 38 ಟಚ್‌ಡೌನ್ ಪಾಸ್ ಹಿಡಿದ. ಪ್ಲೇಆಫ್‌ನಲ್ಲಿ ಮಾತ್ರ ತಂಡ ಒಂದನ್ನೂ ಗೆಲ್ಲಲಿಲ್ಲ. ಆದರೆ 2007ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ, ಕಿಕ್ ಹೊಡೆಯಲು ಹಿಡಿದುಕೊಡಬೇಕಾದ ಚೆಂಡು ಜಾರಿದ್ದು ಎಲ್ಲರ ಮುದ್ದಿನ ಟೋನಿ ರೋಮೊ ಕೈಯಿಂದ. ಮರುವರ್ಷ ಜೈಂಟ್ಸ್ ಎದುರು ಸೋತಾಗ, ರೋಮೊನನ್ನು ದೂರಬೇಡಿ ಎಂದು ಪತ್ರಕರ್ತರ ಮುಂದೆ ಅತ್ತವನು ಓವೆನ್ಸ್. ನಾವೆಲ್ಲ ಹೆದರಿದ್ದು ಇದೇ ಬಾಯಿಗೆ! ಕೊಟ್ಟ ಹಣಕ್ಕಂತೂ ಮೋಸವಾಗಲಿಲ್ಲ ಎಂಬುದು ನಮ್ಮ ಎಣಿಕೆ.

2009ರ ಮಾರ್ಚ್‌ನಲ್ಲಿ ನಮ್ಮವರೂ ಅವನನ್ನು ಬಿಟ್ಟರು. 2018ರಲ್ಲಿ ಹಾಲ್ ಆಫ್ ಫೇಮ್ ಗೌರವ ಬಂದಾಗ ಕ್ಯಾಂಟನ್‌ನ ಸಮಾರಂಭಕ್ಕೆ ಹೋಗದೆ, ತಾನು ಓದಿದ ಚಟನೂಗಾದಲ್ಲಿ ಬೇರೆಯೇ ಸಭೆ ಮಾಡಿಕೊಂಡ.