ಚಿತ್ರಗಳ ವರ್ಗಾವಣೆ

ಕೇಂದ್ರ ಸರಕಾರದ ನೌಕರಿಯಲ್ಲಿರುವವರಿಗೆ ‘ವರ್ಗಾವಣೆ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕಣ್ಣೆದುರು ಬರುವುದು ಲಾರಿ, ಹಗ್ಗ, ಗೋಣಿತಾಟು ಮತ್ತು ಮಕ್ಕಳ ಶಾಲೆಯ ಟಿ.ಸಿ. ನಾಗಪುರದಿಂದ ಚೆನ್ನೈಗೆ, ಚೆನ್ನೈಯಿಂದ ಹೈದರಾಬಾದಿಗೆ ಬಂದ ನಾನು ಈಗೊಂದು ವರ್ಷದಿಂದ ಇನ್ನೊಂದು ಬಗೆಯ ವರ್ಗಾವಣೆಯಲ್ಲಿ ತೊಡಗಿದ್ದೇನೆ. ಧಾರವಾಡದ ಮನೆಯ ತಗಡಿನ ಟ್ರಂಕಿನಲ್ಲಿದ್ದ ಫೋಟೊಗಳನ್ನು ಒಂದೊಂದಾಗಿ ಟ್ಯಾಬ್ಲೆಟ್ಟಿಗೆ ತಂದು, ತಿದ್ದಿ, ಊರೂರಿನಲ್ಲಿ ಹಂಚಿಹೋಗಿರುವ ಬಂಧುಗಳಿಗೆ ಕಳುಹಿಸುವ ಕೆಲಸ ಅದು. ರವಿವಾರದ ಮಧ್ಯಾಹ್ನಗಳನ್ನೆಲ್ಲ ಅದು ನುಂಗಿದೆ.

ನೌಕರ ವರ್ಗವಾದಾಗ ಅವನ ಜೊತೆ ಸೇವಾ ಪುಸ್ತಕವೂ ಹೋಗುತ್ತದೆ. ಹುಟ್ಟಿದ ದಿನಾಂಕ, ಸೇರಿದ ದಿನಾಂಕ, ಪಡೆದ ರಜೆ, ಎಲ್ಲವೂ ಅದರಲ್ಲಿ ಇರುತ್ತವೆ. ಅದಿಲ್ಲದೆ ಹೊಸ ಕಚೇರಿಗೆ ಅವನು ಯಾರೂ ಅಲ್ಲ. ಡಿಜಿಟಲ್ ಚಿತ್ರಕ್ಕೂ ಇಂಥದೊಂದು ಸೇವಾ ಪುಸ್ತಕ ಉಂಟೆಂಬುದು ಬಹಳ ಜನಕ್ಕೆ ತಿಳಿದಿರುವುದಿಲ್ಲ. ಎಕ್ಸಿಫ್ ಎಂದು ಅದರ ಹೆಸರು. ಚಿತ್ರ ತೆಗೆದ ದಿನ, ಗಳಿಗೆ, ಕ್ಯಾಮೆರಾದ ಮಾದರಿ, ಅನುಮತಿ ಕೊಟ್ಟಿದ್ದರೆ ಸ್ಥಳವೂ ಚಿತ್ರದ ಕಡತದೊಳಗೇ ಅಡಗಿರುತ್ತವೆ. ಎಲ್ಲರೂ ದಿನನಿತ್ಯ ಬಳಸುವ ಸಂದೇಶದ ಆಪ್‌ನಲ್ಲಿ ‘ಫೋಟೊ’ ಎಂದು ಕಳುಹಿಸಿದಾಗ ಸಾಮಾನ್ಯವಾಗಿ ಈ ಪುಸ್ತಕ ದಾರಿಯಲ್ಲೇ ಕಳಚಿಕೊಳ್ಳುತ್ತದೆ. ಆ ಕಡೆಗೆ ಮುಟ್ಟಿದ ಚಿತ್ರ ಅಂದೇ ನೌಕರಿಗೆ ಸೇರಿದ ಹುಡುಗನಂತೆ, ಹಿಂದಿನದೇನೂ ಇಲ್ಲದೆ ನಿಂತಿರುತ್ತದೆ.

ಕಳಚುವುದು ಅದೊಂದೇ ಅಲ್ಲ. ಅಪ್ಪ ಅವ್ವನ 1974ರ ಮದುವೆಯ ಗುಂಪು ಫೋಟೊ 10 ಇಂಚು ಅಗಲ, 8 ಇಂಚು ಎತ್ತರದ್ದು, ಕಪ್ಪು ಬಿಳುಪು, ದಪ್ಪ ರಟ್ಟಿಗೆ ಅಂಟಿಸಿದ್ದು. ಅದನ್ನು ಇಂಚಿಗೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿಸಿದಾಗ 6000 ಬದಿಗೆ 4800, ಅಂದರೆ ಎರಡು ಕೋಟಿ ಎಂಬತ್ತೆಂಟು ಲಕ್ಷ ಚುಕ್ಕಿಗಳು ಬಂದವು. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಕಳುಹಿಸಿ, ಅವನಿಗೆ ಮುಟ್ಟಿದ ಪ್ರತಿಯ ಅಳತೆ ಕೇಳಿದರೆ 1600ಕ್ಕೆ 1280 ಎಂದ. ಹದಿನಾಲ್ಕರಲ್ಲಿ ಒಂದು ಪಾಲು! ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಈ ನಷ್ಟ ಕಾಣುವುದೇ ಇಲ್ಲ. ಹಿಗ್ಗಿಸಿದಾಗ ಮಾತ್ರ ಹಿಂದಿನ ಸಾಲಿನವರ ಮುಖಗಳು ಚೌಕುಳಿ ಚೌಕುಳಿಯಾಗಿ ಒಡೆಯುತ್ತವೆ. 1992ರಲ್ಲಿ ಮಾನಕವಾದ ಜೆಪೆಗ್ ವಿಧಾನವು ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ಬೇಡವಾದದ್ದನ್ನು ಬಿಟ್ಟುಕೊಡುತ್ತದೆ. ಹೊಸದಾಗಿ ಕುಗ್ಗಿಸಿ ಉಳಿಸಿದ ಪ್ರತಿಸಲವೂ ಇನ್ನಷ್ಟು ಹೋಗುತ್ತದೆ. ಹತ್ತು ಗುಂಪುಗಳಲ್ಲಿ ಸುತ್ತಿ ಬಂದ ಅಜ್ಜನ ಫೋಟೊ ಕೊನೆಗೆ ಯಾರ ಅಜ್ಜನಾದರೂ ಆಗಬಹುದು. ಪರಿಹಾರ ಸುಲಭದ್ದೇ. ಅದೇ ಆಪ್‌ನಲ್ಲಿ ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಕಡತ ಇದ್ದಂತೆಯೇ ಹೋಗುತ್ತದೆ. ಎದುರಿಗೇ ಇದ್ದವರಿಗೆ ಟೈಪ್-ಸಿ ಪೆನ್‌ಡ್ರೈವ್ ಸಾಕು.

ಸಾಗಿಸುವ ಮಾತು ಅಷ್ಟೇ. ನನ್ನನ್ನು ಕಾಡಿದ್ದು ತಿದ್ದುವ ಮಾತು.

ಮಬ್ಬಾದದ್ದನ್ನು ಬೆಳಗಿಸುವುದು, ಓರೆಯಾದದ್ದನ್ನು ನೆಟ್ಟಗಾಗಿಸುವುದು, ಗೆದ್ದಲು ತಿಂದ ಮೂಲೆಯನ್ನು ಕತ್ತರಿಸುವುದು, ಇವುಗಳ ಬಗ್ಗೆ ನನಗೆ ತಕರಾರಿಲ್ಲ. ಹಳೆಯ ಸ್ಟುಡಿಯೊದವರೂ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ಮೈಲಿಬೇನೆಯ ಕಲೆಗಳನ್ನು ಮಾಯ ಮಾಡುತ್ತಿದ್ದರು, ಕಪ್ಪು ಬಿಳುಪು ಸೀರೆಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಐಪ್ಯಾಡಿನ ಫೋಟೊ ಆಪ್‌ನಂಥವುಗಳಲ್ಲಿ ತಿದ್ದುಪಡಿ ಮೂಲದ ಮೇಲೆ ಹೊದಿಸಿದ ಪದರದಂತೆ ಇರುತ್ತದೆ, ‘ರಿವರ್ಟ್’ ಒತ್ತಿದರೆ ಮೊದಲಿನದು ಮರಳಿ ಬರುತ್ತದೆ. ನಮ್ಮ ಕಚೇರಿಯ ಕಡತಗಳ ನಿಯಮವೂ ಇದೇ: ಬಿಳಿ ದ್ರವ ಬಳಿಯುವಂತಿಲ್ಲ, ತಪ್ಪಿದ್ದ ಶಬ್ದ ಓದಲು ಸಿಗುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಆದರೆ ತಿದ್ದಿದ ಪ್ರತಿಯನ್ನು ಇನ್ನೊಬ್ಬರಿಗೆ ಕಳುಹಿಸಿದೊಡನೆ ಈ ವ್ಯವಸ್ಥೆ ಮುರಿದುಬೀಳುತ್ತದೆ. ಸಾಮಾನ್ಯವಾಗಿ ಅವರಿಗೆ ಸಿಗುವುದು ಮೇಲಿನ ಪದರ ಮಾತ್ರ. ಕೆಳಗೆ ಏನಿತ್ತೆಂಬುದು ಅವರಿಗೆ ತಿಳಿಯಬೇಕಾದ ಕಾರಣವೂ ಇಲ್ಲ.

ಅವ್ವನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಮಾಡಿಸುವ ಉತ್ಸಾಹದಲ್ಲಿ ಅಕ್ಕನ ಮಗ ಆ ಮದುವೆಯ ಫೋಟೊವನ್ನೇ ಆರಿಸಿದ್ದ. ಸಂಜೆ ಫೋನು ಮಾಡಿ, “ಮಾಮಾ, ಹಿಂದ ಸಣ್ಣಜ್ಜಾರು ನಿಂತಾರಲ್ಲ, ಅವರನ್ನ ಅಷ್ಟ ತಗದು ಕಳಸ್ರಿ. ಹತ್ತು ಸೆಕೆಂಡಿನ ಕೆಲಸ” ಎಂದ. ಸಣ್ಣಜ್ಜ ಅಂದರೆ ನನ್ನ ಕಾಕಾ, ಅಪ್ಪನ ತಮ್ಮ. ಹೊಲದ ಪಾಲಿನ ಜಗಳವಾಗಿ, ಕೋರ್ಟಿಗೆ ಹೋಗಿ, ಮಾತು ನಿಂತು ಹದಿನೆಂಟು ವರ್ಷಗಳಾದವು. ಒಂಬತ್ತು ವರ್ಷಗಳ ಹಿಂದೆ ಅಪ್ಪ ತೀರಿಕೊಂಡಾಗ ಅವರು ಬಂದು ದೂರದ ಕಟ್ಟೆಯ ಮೇಲೆ ಕುಳಿತು ಎದ್ದುಹೋದರು. ಹುಡುಗನ ಮಾತಿನಲ್ಲಿ ದುಷ್ಟತನವೇನೂ ಇರಲಿಲ್ಲ. ನಾಲ್ಕು ಜನ ಸೇರಿದಲ್ಲಿ ಅಜ್ಜಿಗೆ ಮುಜುಗರವಾಗದಿರಲಿ ಎಂಬ ಕಾಳಜಿ ಅವನದು.

ಎಂ.ಎ. ಓದುವಾಗ ಪರಿಚಯವಾದ ರೋಲಾಂ ಬಾರ್ತ್ ಆಗ ನೆನಪಾದರು. 1980ರಲ್ಲಿ ಬಂದ ‘ಕ್ಯಾಮೆರಾ ಲೂಸಿಡಾ’ದಲ್ಲಿ ಅವರು ತೀರಿಹೋದ ತಾಯಿಯ ಒಂದು ಫೋಟೊದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ತಾಯಿ ಐದು ವರ್ಷದ ಹುಡುಗಿಯಾಗಿದ್ದಾಗ, 1898ರಲ್ಲಿ ತೆಗೆದದ್ದು. ಬೇರೆ ಎಷ್ಟೋ ಚಿತ್ರಗಳಿರುವ ಆ ಪುಸ್ತಕದಲ್ಲಿ ಅದೊಂದನ್ನು ಮಾತ್ರ ಅವರು ಅಚ್ಚು ಹಾಕಲಿಲ್ಲ. ತೋರಿಸದೆ ಇಟ್ಟುಕೊಳ್ಳುವ ಹಕ್ಕು ಮನೆಯವರಿಗೆ ಇದ್ದೇ ಇದೆ. ಅಳಿಸಿ ತೋರಿಸುವುದು ಬೇರೆಯೇ ಸಂಗತಿ. ಅದರ ದೊಡ್ಡ ಉದಾಹರಣೆ ಸೋವಿಯತ್ ರಷ್ಯಾದ್ದು. ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕ ನಡೆಯುತ್ತಿದ್ದ ಯೆಝೋವ್‌ನನ್ನು 1940ರಲ್ಲಿ ಕೊಂದ ಮೇಲೆ ಚಿತ್ರದಿಂದಲೂ ತೆಗೆದುಹಾಕಿ, ಅವನಿದ್ದ ಜಾಗದಲ್ಲಿ ಬರಿಯ ನೀರು ತುಂಬಿಸಿದರು. ಅಂದು ಅದಕ್ಕೆ ಪಳಗಿದ ಕೈ ಬೇಕಿತ್ತು. ಇಂದು ಬೆರಳಿನಿಂದ ಒಂದು ಸುತ್ತು ಎಳೆದರೆ ಸಾಕು.

ನಾನೂ ಒಂದು ಪ್ರತಿ ಮಾಡಿಕೊಂಡು ಎಳೆದು ನೋಡಿದೆ. ಕಾಕಾ ಹೋದರು. ಅವರ ಹಿಂದೆ ಹಂದರದ ತೆಂಗಿನ ಗರಿಗಳು ಬೆಳೆದವು. 1974ರ ಆ ಹಂದರದಲ್ಲಿ ಎಂದೂ ಇರದ, ಅಕ್ಕಪಕ್ಕದ ಗರಿಗಳನ್ನು ನೋಡಿ ಯಂತ್ರ ಹೆಣೆದ ಗರಿಗಳು. ಅವು ಹೊಂದಿದ ಪರಿ ನೋಡಿದರೆ ಮೆಚ್ಚಬೇಕು. ಆದರೆ ಕಾಕಾ ಅಂದು, ಮುಂದೆ ಕುರ್ಚಿಯಲ್ಲಿ ಕುಳಿತಿದ್ದ ಅಣ್ಣನ ಬಲಭುಜದ ಮೇಲೆ ಕೈಯಿಟ್ಟು ನಿಂತಿದ್ದರು. ಮೊದಲ ಸುತ್ತಿಗೆ ಆ ನಾಲ್ಕು ಬೆರಳು ಅಲ್ಲೇ ಉಳಿದವು. ಎರಡನೆಯ ಸುತ್ತಿಗೆ ಬೆರಳು ಹೋಗಿ ಅಪ್ಪನ ಕೋಟಿನ ಭುಜ ಮೇಣದಂತೆ ಕರಗಿತು.

ಚಳಿಗಾಲಕ್ಕೆಂದು ಅವ್ವ ನಮ್ಮಲ್ಲಿಗೆ ಬಂದಿದ್ದಳು. ಕಣ್ಣಿನ ಪೊರೆ ತೆಗೆಸಿದ ಮೇಲೆ ಟ್ಯಾಬ್ಲೆಟ್ಟನ್ನು ಮಣೆಯಂತೆ ತೊಡೆಯ ಮೇಲಿಟ್ಟುಕೊಂಡು, ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುವುದು ಅವಳಿಗೆ ರೂಢಿಯಾಗಿದೆ. ಎರಡೂ ಪ್ರತಿಗಳನ್ನು ಮುಂದಿಟ್ಟೆ. ತಿದ್ದಿದ್ದನ್ನು ಬಹಳ ಹೊತ್ತು ನೋಡಿ, ಭುಜದ ಮೇಲೆ ಬೆರಳಿಟ್ಟಳು.

“ಇಲ್ಲೆ ಏನೋ ಆಗ್ಯದಲ್ಲೋ. ನಿಮ್ಮಪ್ಪನ ಭುಜಾ ಹಿಂಗ ಇದ್ದಿಲ್ಲ.” ಆಮೇಲೆ, “ಅಂವ ಎಲ್ಲಿ ಹೋದಾ?”

ಮೊಮ್ಮಗನ ಮಾತು ಹೇಳಿದೆ.

“ಅಂವ ಆವತ್ತ ಬಂದಿದ್ದ ಖರೆ ಹೌದಲ್ಲೋ? ಬಂದಾಂವನ್ನ ಈಗ್ಯಾಕ ಹೊರಗ ಹಾಕ್ತಿ?”

“ಹಂಗಾದ್ರ ಸಿಟ್ಟು ಹೋತೇನವ್ವಾ?”

“ಎಲ್ಲಿ ಹೋಗತದ? ಹೊಲಾ ಏನ ತಿರುಗಿ ಬಂತೇನು? ಸಿಟ್ಟು ನನ್ನ ಕಡೆ ಇರಲಿ. ಫೋಟೊದಾಗ ಯಾಕ?”

ಆ ಪ್ರತಿಯನ್ನು ಅಳಿಸಿದೆ. ಫ್ಲೆಕ್ಸಿಗೆ ಅವ್ವನೊಬ್ಬಳೇ ಇರುವ, ತುಳಸಿಕಟ್ಟೆಯ ಮುಂದಿನ ಫೋಟೊ ಹೋಯಿತು. ಅಕ್ಕನ ಮಗ ಒಂದಿಷ್ಟು ಮುನಿಸಿಕೊಂಡ, ಆಮೇಲೆ ಸರಿಹೋದ.

ಅಂದಿನಿಂದ ನನ್ನ ರವಿವಾರದ ಕೆಲಸದ ರೀತಿ ಬದಲಾಗಿದೆ. ಈಗ ಹೆಚ್ಚಿನ ಹೊತ್ತು ಹೋಗುವುದು ಚಿತ್ರದ ವಿವರಕ್ಕೆಂದು ಗ್ಯಾಲರಿಯಲ್ಲಿರುವ ಖಾನೆಯನ್ನು ತುಂಬುವುದರಲ್ಲಿ. ಸ್ಕ್ಯಾನ್ ಮಾಡಿದ ದಿನವನ್ನೇ ಯಂತ್ರ ಚಿತ್ರದ ದಿನವೆಂದು ಬರೆದುಕೊಂಡಿರುತ್ತದೆ. ಅದನ್ನು 1974ಕ್ಕೆ ತಿದ್ದುತ್ತೇನೆ. ರಟ್ಟಿನ ಹಿಂಬದಿಯ ಸ್ಟುಡಿಯೊ ಮುದ್ರೆ, ಪೆನ್ಸಿಲಿನ ನೆಗೆಟಿವ್ ಸಂಖ್ಯೆ, ಅಜ್ಜ ಮೋಡಿಯಲ್ಲಿ ಬರೆದಿಟ್ಟ ಎರಡು ಸಾಲು, ಇವೆಲ್ಲದರ ಚಿತ್ರವನ್ನೂ ಜೊತೆಗೇ ಇಡುತ್ತೇನೆ. ಅವ್ವ ಎಡದಿಂದ ಬಲಕ್ಕೆ ಹೆಸರು ಹೇಳುತ್ತಾಳೆ, ನಾನು ಬೆರಳಚ್ಚಿಸುತ್ತೇನೆ. ಮದುವೆಯ ಆ ಫೋಟೊದಲ್ಲಿ ಇಪ್ಪತ್ಮೂರು ಜನ. ಹತ್ತೊಂಬತ್ತು ಹೆಸರು ಒಂದೇ ಉಸಿರಿಗೆ ಬಂದವು. ಹಿಂದಿನ ಸಾಲಿನ ನಾಲ್ವರ ಹತ್ತಿರ ನಿಂತಳು.

“ಇವರು ಅವನ ಕಾಲೇಜಿನ ಗೆಳ್ಯಾರು ಇರಬೇಕು. ಅವಗ ಗೊತ್ತು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಕೇಳೋದಿದ್ರ ಕೇಳು. ನಾನ ಕೇಳಂದೆ ಅಂತ ಮಾತ್ರ ಹೇಳಬ್ಯಾಡ.”

ಕಾಕಾನ ಮಗಳ ನಂಬರು ನನ್ನಲ್ಲಿತ್ತು. ಕುಗ್ಗಿಸದ ಕಡತವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿ, ನಾಲ್ಕು ಮುಖಗಳನ್ನಷ್ಟೇ ಬೇರೆ ಕತ್ತರಿಸಿ ಹಚ್ಚಿದೆ. ಮಧ್ಯಾಹ್ನ ಉತ್ತರ ಬಂತು: “ಅಪ್ಪ ಕನ್ನಡಕ ಹಾಕ್ಕೊಂಡು ನೋಡಲಿಕ್ಕತ್ತಾರ, ಸಂಜಿಗೆ ಹೇಳ್ತಾರಂತ.” ಸಂಜೆ ಎರಡು ಹೆಸರು ಬಂದವು, ಜೊತೆಗೆ ಒಬ್ಬರು ಕುಂದಗೋಳದವರೆಂಬ ವಿವರ. ಬರೆದುಕೊಂಡಿದ್ದೇನೆ. ಬಲತುದಿಯಲ್ಲಿ, ಕೊರಳಿಗೆ ಮಫ್ಲರು ಸುತ್ತಿಕೊಂಡ ಇಬ್ಬರ ಮುಂದೆ ಸದ್ಯಕ್ಕೆ ಅಡ್ಡಗೆರೆ ಇದೆ.