ಭಂಗಾರದ ಹೋರಿ

ಭಂಗಾರದ, ಅಂದರೆ ಗುಜರಿಯ, ಅಂಗಡಿ ಮುಂದೆ ಸುಮ್ಮನೆ ನಿಲ್ಲುವ ಚಟ ಇದ್ದವರಿಗೆ ಚಿಟಗುಪ್ಪದಂಥ ಊರು ಬೇಸರ ತರಿಸುವುದಿಲ್ಲ. ಹತ್ತಿರದಲ್ಲೇ ಹುಮನಾಬಾದ, ಅಲ್ಲಿ ಹೈದರಾಬಾದ್–ಪುಣೆ ಹೆದ್ದಾರಿ. ಲಾರಿ ಇದ್ದಲ್ಲಿ ಗ್ಯಾರೇಜು, ಗ್ಯಾರೇಜು ಇದ್ದಲ್ಲಿ ಭಂಗಾರ. ಕಬ್ಬಿನ ಸೀಮೆಯಾದ್ದರಿಂದ ಟ್ರ್ಯಾಕ್ಟರಿನ ಮುರುಕು ಸಾಮಾನಿಗೂ ಬರವಿಲ್ಲ. ಆ ರಾಶಿಯನ್ನು ತುಸು ದಿಟ್ಟಿಸಿದರೆ ಸಾಕು, ಸವೆದ ಚೈನು ಹಾವಾಗುತ್ತದೆ, ಇಕ್ಕಳ ಕೊಕ್ಕಾಗುತ್ತದೆ, ಬೇರಿಂಗಿನ ಗುಂಡು ಕಣ್ಣಾಗಿ ನಮ್ಮನ್ನೇ ನೋಡುತ್ತದೆ. ನನ್ನ ಹೆಂಡತಿ ಹೇಳುವ ಪ್ರಕಾರ ಇದು ನೆತ್ತಿಗೆ ಬಿಸಿಲು ಏರಿದ ಲಕ್ಷಣ.

ಏರಿದರೆ ಏರಲಿ, ಪಿಕಾಸೊನಿಗೂ ಏರಿತ್ತು. 1942ರಲ್ಲಿ, ಜರ್ಮನ್ನರು ಪ್ಯಾರಿಸ್ ಹಿಡಿದು ಕೂತಿದ್ದಾಗ, ಆತ ಹಳೇ ಸೈಕಲ್ಲಿನ ಸೀಟಿಗೆ ಹ್ಯಾಂಡಲು ಜೋಡಿಸಿ ಹೋರಿಯ ತಲೆ ಮಾಡಿದ. ಎರಡೇ ಸಾಮಾನು. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಹಾಯಲು ಬಂದಂತಿದೆ. 1951ರಲ್ಲಿ ಆತ ಮಾಡಿದ ಮಂಗನ ಮುಖಕ್ಕಂತೂ ಮಗನ ಎರಡು ಆಟಿಕೆ ಕಾರುಗಳೇ ಹೋದವು. ಅಪ್ಪ ಶಿಲ್ಪಿಯಾದರೆ ಮಕ್ಕಳ ಸಾಮಾನಿಗೆ ಗ್ಯಾರಂಟಿಯಿಲ್ಲ.

ಆ ಹೋರಿ ತಲೆಯ ಗಮ್ಮತ್ತು ಎಲ್ಲಿದೆ ಅಂದರೆ, ಹೋರಿ ಅಂದುಕೊಂಡಾಗ ಸೀಟು ಇಣುಕುತ್ತದೆ, ಸೀಟು ಅಂದುಕೊಂಡಾಗ ಹೋರಿ. ಒಂದು ಇನ್ನೊಂದನ್ನು ಬಚ್ಚಿಡುವುದಿಲ್ಲ. ದೆಹಲಿಯಲ್ಲಿ 2019ರಲ್ಲಿ ಸುಮಾರು 150 ಟನ್ ಗುಜರಿಯಿಂದ ಜಗತ್ತಿನ ಏಳು ಅದ್ಭುತಗಳ ಉದ್ಯಾನ ಮಾಡಿದರು. ದೊಡ್ಡ ಕೆಲಸವೇ. ಆದರೆ ತಾಜಮಹಲು ಮೊದಲೇ ಚೆಂದವಿದೆ, ಅದಕ್ಕೆ ನಟ್ಟು–ಬೋಲ್ಟಿನ ಹಂಗೇನು? ಪ್ರಾಣಿಯ ಮಾತು ಬೇರೆ. ಅದಕ್ಕೂ ಕೀಲಿದೆ, ಯಂತ್ರಕ್ಕೂ ಕೀಲಿದೆ. ಮತ್ತೆ ಕೆಲವರು ಇಷ್ಟೆಲ್ಲ ಬೆಸೆದು ಕಡೆಗೆ ಮೈತುಂಬ ಬಂಗಾರದ ಪೇಂಟು ಬಳಿಯುತ್ತಾರಲ್ಲ, ಅವರಿಗೆ ಬುದ್ಧಿ ಹೇಳುವವರಿಲ್ಲ.

ಬಣ್ಣ ಬದಲಿಸಲೇಬೇಕೆಂದರೆ ಬೀದರಿನವರ ಹಾಗೆ ಬದಲಿಸಬೇಕು. ಅಲ್ಲಿನ ಬಿದ್ರಿ ಕುಸುರಿಯವರು ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಕಲಸಿದ ನೀರಲ್ಲಿ ಅದ್ದುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಬಿದ್ರಿ ಆನೆ ಹುಟ್ಟಿನಿಂದಲೇ ನವಾಬ. ಭಂಗಾರದ ಆನೆಗೆ ಆ ಠೀವಿ ಬೇಡ. ಹಿಂದೆ ಎಲ್ಲಿ ದುಡಿದೆ ಎಂಬುದನ್ನು ಅದು ಮೈಮೇಲೇ ಹೊತ್ತಿರಲಿ.

ಪರಿಚಯದ ವೆಲ್ಡಿಂಗ್ ಹುಡುಗನ ಮುಂದೆ ಈ ವೇದಾಂತ ಬಿಚ್ಚಿದೆ. ಟ್ರ್ಯಾಕ್ಟರಿನ ಸಾಮಾನಲ್ಲೇ ಒಂದು ದೇವಣಿ ಹೋರಿ ಮಾಡಿಕೊಡು ಅಂದೆ. ನಮ್ಮ ಬೀದರ–ಲಾತೂರ ಸೀಮೆಯ ತಳಿ ಅದು. ಹೊಲದಿಂದ ಅದನ್ನು ಎಬ್ಬಿಸಿ ಕಳಿಸಿದ್ದೇ ಟ್ರ್ಯಾಕ್ಟರು, ತಿರುಗಿ ಕೊಡುವ ಕೆಲಸವೂ ಅದೇ ಮಾಡಲಿ ಎಂಬುದು ನನ್ನ ನ್ಯಾಯ. ಅವನಿಗೆ ನ್ಯಾಯಕ್ಕಿಂತ ಕಬ್ಬಿಣದ ಜಾತಿ ಮುಖ್ಯ.

"ಕಾಕಾ, ಗೇರ್‌ಬಾಕ್ಸಿಂದು ಬೀಡು ಅದರಿ, ಸುಮ್ಮ ವೆಲ್ಡಿಂಗ್ ಹೊಡದ್ರ ಸೀಳತದ. ಜಿಐ ಪೈಪ್ ಅಂತೂ ಬ್ಯಾಡೇ ಬ್ಯಾಡ್ರಿ, ಅದರ ಹೊಗಿ ಕುಡದ್ರ ರಾತ್ರಿ ಥಂಡಿ ಹತ್ತಿ ಜ್ವರ ಬರ್ತಾವ."

"ಮತ್ತ ಬಣ್ಣ?"

"ಹೋರಿ ಯಾವುದು ಹೇಳ್ರಿ ಮೊದಲ. ಮಾರಿ ಕರೇದೋ, ಮೈಮ್ಯಾಲ ಕರೇ ಮಚ್ಚಿದೋ?"

ದೇವಣಿಯಲ್ಲಿ ವಾನ್ನೇರಾ, ಬಾಲಂಕ್ಯಾ, ಶೇವೇರಾ ಎಂದು ಮೂರು ಬಗೆ. ಮಚ್ಚೆಯದ್ದೇ ಇರಲಿ ಅಂದೆ. ಆದರೆ ಪೇಂಟು ಮುಟ್ಟಬಾರದೆಂದು ಈಗಷ್ಟೇ ಭಾಷಣ ಮಾಡಿದವನು ನಾನು. ಕರೇ ಮಚ್ಚೆಗೆ ಹೊಗೆ ಹಿಡಿದ ಸೈಲೆನ್ಸರಿನ ತಗಡು ಸಾಕೆಂದು ಒಪ್ಪಿಸಿದೆ. ಕೊಂಬಿಗಷ್ಟೇ ಲಾರಿಯ ಸ್ಪ್ರಿಂಗ್ ಪಾಟಾ. ಬಾಲದ್ದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ: ನಾನು ಚೈನು ಅನ್ನುತ್ತೇನೆ, ಅವನು ಕ್ಲಚ್ ವಾಯರು ಅನ್ನುತ್ತಾನೆ. ತುದಿ ಬಿಚ್ಚಿದರೆ ಕುಚ್ಚು ತಾನೇ ಆಗುತ್ತದಂತೆ.