ಹಳೇ ಬೋಟು, ಮೊದಲ ಸೀಸನ್ನು

ಜೆಟ್ ಬೋಟಿಗೆ ಬ್ರೇಕ್ ಇಲ್ಲ. ಅದನ್ನು ಹೇಗೋ ಒಪ್ಪಿಕೊಳ್ಳಬಹುದು. ಒಪ್ಪೋಕೆ ಕಷ್ಟವಾಗೋದು ಇನ್ನೊಂದು ವಿಷಯ: ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಅದಕ್ಕೆ ಸ್ಟೇರಿಂಗೂ ಇಲ್ಲ.

ಈ ಬೋಟಿಗೆ ಹೊರಗೆ ಕಾಣೋ ಪ್ರೊಪೆಲ್ಲರ್ ಇಲ್ಲ, ಚುಕ್ಕಾಣಿಯೂ ಇಲ್ಲ. ತಳದಲ್ಲಿರೋ ಜಾಲರಿಯಿಂದ ನೀರು ಒಳಗೆ ಬರುತ್ತೆ, ಇಂಪೆಲ್ಲರ್ ಅದನ್ನು ಜೋರಾಗಿ ಹಿಂದಿನ ಕೊಳವೆಯಿಂದ ಹೊರಗೆ ಚಿಮ್ಮಿಸುತ್ತೆ. ಬೋಟನ್ನು ತಳ್ಳೋದೂ ಆ ನೀರೇ, ತಿರುಗಿಸೋದೂ ಆ ನೀರೇ. ಎದುರಿಗೆ ಬಂಡೆ ಕಂಡಾಗ ಕಾರು ಓಡಿಸಿ ಅಭ್ಯಾಸವಾದ ಕಾಲು ತಾನಾಗಿ ಮೇಲೇಳುತ್ತೆ. ಇಲ್ಲಿ ಹಾಗೆ ಮಾಡಿದರೆ ಬೋಟು ನೆಟ್ಟಗೆ ಹೋಗಿ ಅದೇ ಬಂಡೆಗೆ ಬಡಿಯುತ್ತೆ. ಇನ್ನೊಂದು, ವೇಗ ಇದ್ದಾಗ ಬೋಟು ನೀರಿನ ಮೇಲೆ ಎದ್ದು ಜಾರುತ್ತೆ, ಗೇಣುದ್ದ ನೀರಿದ್ದರೂ ದಾಟುತ್ತೆ. ಹೆದರಿ ನಿಧಾನ ಮಾಡಿದರೆ ಕೆಳಗೆ ಕೂತು ಜಲ್ಲಿಕಲ್ಲಿನ ಮೇಲೆ ಸಿಕ್ಕಿಹಾಕಿಕೊಳ್ಳುತ್ತೆ.

ಅಂದರೆ ಭಯ ಆದಾಗಲೂ ಕಾಲು ಒತ್ತಿ ಹಿಡಿಯೋ ನಂಬಿಕೆ ಬೇಕು. ಇಪ್ಪತ್ತೆರಡು ವರ್ಷ ಬೇರೆಯವರು ಓಡಿಸಿದ ಬೋಟಿನ ಮೇಲೆ ಆ ನಂಬಿಕೆ ಎಲ್ಲಿಂದ ಬರಬೇಕು? ಕಳೆದ ಚಳಿಗಾಲ ಪೂರ್ತಿ ಗ್ಯಾರೇಜಿನಲ್ಲಿ ನಾನು ಮಾಡಿದ ಕೆಲಸವೆಲ್ಲ ಈ ಒಂದು ಪ್ರಶ್ನೆಗಾಗಿ.

ನಾವಿರೋದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಇಲ್ಲಿ ಕಾಲ ಉಲ್ಟಾ, ಜೂನ್-ಜುಲೈ ಚಳಿ, ಡಿಸೆಂಬರ್ ಬೇಸಿಗೆ. ಜೆಟ್ ಬೋಟಿಗೆ ಇದು ತವರೂರು ಅಂದರೆ ತಪ್ಪಲ್ಲ. ಇಲ್ಲಿಯ ವೈಮಾಕರಿರಿ, ರಕಾಯಾ ನದಿಗಳು ಒಂದೇ ಪಾತ್ರದಲ್ಲಿ ಹರಿಯಲ್ಲ, ಅಗಲವಾದ ಜಲ್ಲಿ ಬಯಲಿನಲ್ಲಿ ಜಡೆ ಹೆಣೆದ ಹಾಗೆ ಹತ್ತಾರು ಕವಲಾಗಿ ಹರಿಯುತ್ತವೆ. ಸಾಮಾನ್ಯ ಬೋಟಿನ ಪ್ರೊಪೆಲ್ಲರ್ ಇಂಥ ಕಡೆ ಕಲ್ಲಿಗೆ ತಾಗಿ ಮುರಿಯುತ್ತೆ. ಐರಿಶ್‌ಮನ್ ಕ್ರೀಕ್ ಅನ್ನೋ ಕುರಿ ಫಾರಂನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ನೀರು ಚಿಮ್ಮಿಸಿ ಓಡೋ ಬೋಟಿನ ಕಲ್ಪನೆ ಮೊದಲೇ ಇತ್ತು, ಆದರೆ ನೀರು ಹೊರಬರೋ ಕೊಳವೆ ಬೋಟಿನ ಅಡಿಗಿತ್ತು. ಅದನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ತಂದಾಗ ಕೆಲಸ ಚೆನ್ನಾಗಿ ನಡೆಯಿತು. 1960ರಲ್ಲಿ ಅವರ ಬೋಟುಗಳು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಕೊಲೊರಾಡೊ ನದಿಯನ್ನು ಪ್ರವಾಹದ ವಿರುದ್ಧ ಏರಿದವು. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ಬೋಟುಗಳಲ್ಲಿ ಗಂಗಾಸಾಗರದಿಂದ ನಮ್ಮ ಗಂಗೆಯನ್ನು ಏರಿ ಹೊರಟರು. ನಂದಪ್ರಯಾಗದ ಹತ್ತಿರ ಜಲಪಾತ ಅಡ್ಡ ಬರೋ ತನಕ ಹೋದರು.

ನಮ್ಮದು ಅಷ್ಟು ದೊಡ್ಡ ಕಥೆಯಲ್ಲ. ಐದು ಮೀಟರ್ ಉದ್ದದ ಅಲ್ಯೂಮಿನಿಯಂ ಬೋಟು, ಕಾರಿನಿಂದ ತೆಗೆದು ಕೂರಿಸಿದ ಪೆಟ್ರೋಲ್ ವಿ6 ಎಂಜಿನ್. ಕೊಟ್ಟವರು ನಮ್ಮ ಬೀದಿಯ ಹಿರಿಯರು. ನನ್ನ ಮಗಳು ಅವರನ್ನು 'ಬೋಟ್ ಅಜ್ಜ' ಅಂತಾಳೆ, ಈಗ ನಾವೆಲ್ಲ ಹಾಗೇ ಅನ್ನೋದು. ಎಪ್ಪತ್ತು ದಾಟಿದೆ, ಕಣ್ಣು ಮಂಜಾಗುತ್ತಿದೆ. ನದಿಯನ್ನು ಕಣ್ಣಲ್ಲೇ ಓದಬೇಕು. ಅದು ಆಗಲ್ಲ ಅಂದಾಗ ಮಾರೋ ನಿರ್ಧಾರ ಮಾಡಿದರು. ಹೆಚ್ಚು ದುಡ್ಡು ಕೊಡೋರು ಬೇರೆ ಇದ್ದರು. ನನಗೆ ಕೊಟ್ಟಿದ್ದು ಒಂದು ಷರತ್ತಿನ ಮೇಲೆ: ಮೊದಲ ಹತ್ತು ಗಂಟೆ ಅವರು ಪಕ್ಕದ ಸೀಟಿನಲ್ಲಿ ಕೂರಬೇಕು. ನನ್ನ ಹೆಂಡತಿಯೂ ಒಂದು ಷರತ್ತು ಹಾಕಿದಳು. ಆ ಹತ್ತು ಗಂಟೆ ಮುಗಿಯೋ ತನಕ ಅವಳೂ ಮಗಳೂ ಬೋಟು ಹತ್ತಲ್ಲ. ಅವಳಿಗೆ ಈಜು ಬರಲ್ಲ, ಮಗಳಿಗೆ ಆರು ವರ್ಷ. ವಾದ ಮಾಡೋಕೆ ಏನೂ ಇರಲಿಲ್ಲ.

ಕೆಲಸ ಶುರು ಮಾಡಿದ್ದು ಜೆಟ್‌ನಿಂದ. ಇಂಪೆಲ್ಲರ್ ಮತ್ತು ಅದರ ಸುತ್ತ ಇರೋ ವೇರ್ ರಿಂಗ್ ನಡುವಿನ ಸಂದು ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೇದು. ನದಿಯ ಮರಳು, ಸಣ್ಣ ಕಲ್ಲು ವರ್ಷಗಟ್ಟಲೆ ಒಳಗೆ ಹೋಗಿ ಅದನ್ನು ಸವೆಸುತ್ತವೆ. ಸಂದು ಜಾಸ್ತಿಯಾದರೆ ನೀರು ಹಿಂದಕ್ಕೆ ಜಾರುತ್ತೆ, ಎಂಜಿನ್ ಕೂಗುತ್ತೆ, ಬೋಟು ಮಾತ್ರ ಮುಂದೆ ಹೋಗಲ್ಲ. ಫೀಲರ್ ಗೇಜ್ ಇಟ್ಟು ಅಳೆದಾಗ ಒಂದು ಕಡೆ ಅರ್ಧ ಮಿಲಿಮೀಟರ್, ಇನ್ನೊಂದು ಕಡೆ ಒಂದೂವರೆ. ಇಂಪೆಲ್ಲರ್ ಬಿಚ್ಚಿ ವರ್ಕ್‌ಶಾಪಿಗೆ ಕೊಟ್ಟೆ. ಅವರು ಅಂಚಿಗೆ ಲೋಹ ತುಂಬಿ ಲೇತ್‌ನಲ್ಲಿ ಸರಿಮಾಡಿ ಕೊಟ್ಟರು. ಹೊಸ ರಿಂಗ್, ಹೊಸ ಶಾಫ್ಟ್ ಸೀಲ್, ಬೇರಿಂಗಿಗೆ ಹೊಸ ಗ್ರೀಸ್.

ಆಮೇಲೆ ಪೆಟ್ರೋಲ್ ಪೈಪುಗಳು. ಬಗ್ಗಿಸಿ ನೋಡಿದರೆ ಸಣ್ಣ ಬಿರುಕು. ಕಾರಿನಲ್ಲಿ ಪೆಟ್ರೋಲ್ ಆವಿ ಕೆಳಗಿಂದ ಹೊರಗೆ ಹೋಗುತ್ತೆ, ಬೋಟಿನಲ್ಲಿ ಅದು ಬಟ್ಟಲಿನಲ್ಲಿ ನಿಂತ ಹಾಗೆ ತಳದಲ್ಲೇ ನಿಲ್ಲುತ್ತೆ, ಯಾಕಂದರೆ ಆ ಆವಿ ಗಾಳಿಗಿಂತ ಭಾರ. ಅದಕ್ಕೇ ಎಂಜಿನ್ ಶುರು ಮಾಡೋ ಮೊದಲು ಬ್ಲೋವರ್ ಹಾಕಿ ಕೆಲವು ನಿಮಿಷ ಕಾಯಬೇಕು. ಸ್ಟಾರ್ಟರ್ ಮೋಟಾರ್ ಬದಲಾಯಿಸುವಾಗಲೂ ಇದೇ ವಿಷಯ. ಎಂಜಿನ್ ಕಾರಿನದೇ ಆದರೂ ಕಾರಿನ ಅಗ್ಗದ ಸ್ಟಾರ್ಟರ್ ಹಾಕಬಾರದು. ಬೋಟಿನ ಸ್ಟಾರ್ಟರಿನಲ್ಲಿ ಒಳಗಿನ ಕಿಡಿ ಹೊರಗಿನ ಆವಿಗೆ ತಾಗದ ಹಾಗೆ ಮುಚ್ಚಿರ್ತಾರೆ. ಬೆಲೆ ಜಾಸ್ತಿ, ಕಾರಣವೂ ಇದೆ.

ಸ್ಟೇರಿಂಗ್ ಕೇಬಲ್ ಬಿಗಿಯಾಗಿತ್ತು, ಬದಲಾಯಿಸಿದೆ. ಟ್ರೇಲರ್ ಚಕ್ರಗಳ ಬೇರಿಂಗ್ ಪ್ರತಿ ಸಲ ನೀರಲ್ಲಿ ಮುಳುಗಿ ಏಳುತ್ತವೆ, ಅವನ್ನು ಬಿಚ್ಚಿ ತೊಳೆದು ಗ್ರೀಸ್ ತುಂಬಿದೆ. ಬೋಟು ಕೆಟ್ಟು ನದಿಯಲ್ಲಿ ನಿಂತವರಿಗಿಂತ ಟ್ರೇಲರ್ ಕೆಟ್ಟು ರಸ್ತೆಯಲ್ಲಿ ನಿಂತವರೇ ಹೆಚ್ಚು ಅಂತ ಅಜ್ಜ ನಗ್ತಿದ್ರು. ಬೋಟಿನ ತಳದಲ್ಲಿ ನೀರು ಬಸಿಯೋ ತೂತಿಗೆ ಒಂದು ಬಿರಡೆ ಇದೆ. ಅದನ್ನು ಹಾಕದೆ ನೀರಿಗಿಳಿಸಿದರೆ ಮುಗಿಯಿತು. ಮನೆಗೆ ಬಂದ ಕೂಡಲೇ ಅಜ್ಜ ಆ ಬಿರಡೆ ಬಿಚ್ಚಿ ಎಂಜಿನ್ ಕೀ ಜೊತೆ ಕಟ್ಟಿಡ್ತಿದ್ರು. ಕೀ ಕೈಗೆ ಬಂದರೆ ಬಿರಡೆಯೂ ಕೈಗೆ ಬರುತ್ತೆ. ಇಷ್ಟು ಸರಳವಾದ ವ್ಯವಸ್ಥೆಯನ್ನು ನಾನು ಆಫೀಸಿನಲ್ಲೂ ನೋಡಿಲ್ಲ.

ಬೋಟಿನ ಜೊತೆ ಅವರು ಒಂದು ನೋಟ್‌ಬುಕ್ಕೂ ಕೊಟ್ಟರು. ಎಷ್ಟು ಗಂಟೆ ಓಡಿತು, ಯಾವಾಗ ಎಣ್ಣೆ ಬದಲಾಯಿಸಿದ್ದು, ಯಾವ ಸೀಲ್ ಎಷ್ಟು ದಿನ ಬಾಳಿತು, ಎಲ್ಲ ಪೆನ್ಸಿಲ್‌ನಲ್ಲಿ. ಬೋಟಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ಪೆಟ್ರೋಲ್ ಕೂಡ ಹಾಗೇ: ಹೋಗೋಕೆ ಮೂರನೇ ಒಂದು ಭಾಗ, ಬರೋಕೆ ಒಂದು ಭಾಗ, ಉಳಿದ ಭಾಗ ಮುಟ್ಟಬಾರದು. ಮೊದಲು ಪ್ರವಾಹದ ಎದುರಿಗೆ ಹೋಗಬೇಕು, ಎಂಜಿನ್ ನಿಂತರೂ ನೀರೇ ಮನೆ ಕಡೆ ತರುತ್ತೆ. ಒಂದೇ ಬೋಟಿನಲ್ಲಿ ಹೋಗಬಾರದು, ಎರಡಿರಬೇಕು. ಜೊತೆಗೆ ಸಲಿಕೆ, ಹಗ್ಗ. ಇದೆಲ್ಲ ನೋಟ್‌ಬುಕ್ಕಿನ ಕೊನೇ ಪುಟದಲ್ಲಿತ್ತು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ಎಂಜಿನ್ ಬಗ್ಗೆ ಕೇಳಲೇ ಇಲ್ಲ. ನಮ್ಮೂರು ಹೊನ್ನಾವರದ ಹತ್ತಿರ, ಶರಾವತಿ ದಂಡೆ. ಅವರು ಶಾಲೆಗೆ ಹೋಗಿದ್ದೇ ದೋಣಿ ದಾಟಿ. "ಹೊಳೆ ಕೆಂಪಾದ್ರೆ ಇಳೀಬೇಡ ಮಗಾ. ಇಲ್ಲಿ ಬಿಸಿಲಿದ್ರೆ ಏನಾಯ್ತು, ಘಟ್ಟದಲ್ಲಿ ಮಳೆ ಇರ್ತದೆ" ಅಂದರು. ನನಗೆ ಆಶ್ಚರ್ಯ. ಇದೇ ಮಾತನ್ನು ಅಜ್ಜ ಹಿಂದಿನ ವಾರ ಹೇಳಿದ್ದರು. ಇಲ್ಲಿ ವಾಯವ್ಯದ ಗಾಳಿ ಬೀಸಿದರೆ ಮಳೆಯೆಲ್ಲ ಆಲ್ಪ್ಸ್ ಬೆಟ್ಟಗಳ ಮೇಲೆ ಸುರಿಯುತ್ತೆ, ಊರಲ್ಲಿ ಬೆಚ್ಚಗೆ ಬಿಸಿಲು. ಆದರೆ ನದಿ ಉಕ್ಕಿ ಬರುತ್ತೆ, ನೀಲಿ ಹಸಿರು ನೀರು ಮಣ್ಣಿನ ಬಣ್ಣಕ್ಕೆ ತಿರುಗುತ್ತೆ. ನದಿಯಲ್ಲಿ ಸೆಕೆಂಡಿಗೆ ಎಷ್ಟು ಘನಮೀಟರ್ ನೀರು ಹರೀತಿದೆ ಅಂತ ಇಲ್ಲಿನ ಪ್ರಾದೇಶಿಕ ಕೌನ್ಸಿಲ್ ಆನ್‌ಲೈನ್‌ನಲ್ಲಿ ಹಾಕುತ್ತೆ. ಈಗ ಹೊರಡೋ ಮೊದಲು ನಾನು ಅದನ್ನು ನೋಡ್ತೀನಿ, ಆಮೇಲೆ ದಂಡೆಗೆ ಹೋಗಿ ನೀರಿನ ಬಣ್ಣವನ್ನೂ ನೋಡ್ತೀನಿ.

ಅಕ್ಟೋಬರಿನಲ್ಲಿ ನೀರಿಗಿಳಿದೆವು. ಇಲ್ಲಿ ಮನರಂಜನೆಗೆ ಬೋಟು ಓಡಿಸೋಕೆ ಲೈಸೆನ್ಸ್ ಬೇಡ, ಆದರೆ ನಿಯಮಗಳಿವೆ. ದಡದಿಂದ 200 ಮೀಟರ್ ಒಳಗೆ 5 ನಾಟ್ ಮೀರಬಾರದು. ನದಿಯಲ್ಲಿ ಎಲ್ಲಿ ನಿಂತರೂ ದಡ ಹತ್ತಿರವೇ ಆದ್ದರಿಂದ, ವೇಗಕ್ಕೆ ಅನುಮತಿ ಇರೋ ಜಾಗಗಳನ್ನು ಬೇರೆಯಾಗಿ ಗುರುತಿಸಿರ್ತಾರೆ. ಪ್ರವಾಹದ ಎದುರು ಹೋಗೋ ಬೋಟು ಕೆಳಗೆ ಬರೋ ಬೋಟಿಗೆ ದಾರಿ ಬಿಡಬೇಕು.

ಅಜ್ಜ ಪಕ್ಕದಲ್ಲಿ ಕೂತು "ಏನು ಕಾಣ್ತಿದೆ ಹೇಳು" ಅಂತ ಕೇಳ್ತಿದ್ರು. ನಾನು ಜೋರಾಗಿ ಹೇಳ್ತಾ ಹೋಗ್ತಿದ್ದೆ: ಎಡಕ್ಕೆ ಅಗಲ, ಮೇಲೆ ಸಣ್ಣ ಅಲೆ. ಬಲಕ್ಕೆ ಇಕ್ಕಟ್ಟು, ನಯವಾದ ನೀರು, ನಾಲಗೆ ಚಾಚಿದ ಹಾಗೆ ಕೆಳಗೆ ಬರ್ತಿದೆ. "ಬಲಕ್ಕೆ, ಕಾಲು ಒತ್ತು" ಅಂದರು. ಅಗಲ ಇದ್ದ ಕಡೆ ನೀರು ತೆಳು, ನಾಲಗೆ ಇದ್ದ ಕಡೆ ಆಳ. ಕಾಲು ನಡುಗ್ತಿತ್ತು, ಆದರೆ ಒತ್ತಿಯೇ ಇತ್ತು. ಕೆಳಗೆ ಜಲ್ಲಿ ಗಲಗಲ ಅಂತು, ದಾಟಿದೆವು.

ಮೂರನೇ ಸಲ ಹೋದಾಗ ಅಜ್ಜ ಇದ್ದಕ್ಕಿದ್ದಂತೆ ತಲೆ ಓರೆ ಮಾಡಿದರು. "ಸದ್ದು ತೆಳುವಾಯ್ತು, ಜಾಲರಿಗೆ ಏನೋ ಸಿಕ್ಕಿದೆ" ಅಂದರು. ಆಳವಾದ ಕಡೆ ದಡಕ್ಕೆ ತಂದು, ಎಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿ, ಮೇಲಿನ ಮುಚ್ಚಳ ಬಿಚ್ಚಿ ಕೈ ಹಾಕಿದೆ. ವಿಲ್ಲೋ ಕಡ್ಡಿಗಳ ಒಂದು ಮುದ್ದೆ ಬಂತು. ಅವರಿಗೆ ಎದುರಿನ ದಡ ಸರಿಯಾಗಿ ಕಾಣಲ್ಲ, ಆದರೆ ಕಾಲಡಿಯಲ್ಲಿ ಏನಾಗ್ತಿದೆ ಅಂತ ಕಿವಿಗೆ ಗೊತ್ತಾಗುತ್ತೆ. ಆ ಸದ್ದಿನ ವ್ಯತ್ಯಾಸ ಈಗ ನನಗೂ ಸ್ವಲ್ಪ ತಿಳಿಯುತ್ತೆ. ಅವರು ಹತ್ತು ಗಂಟೆ ಕೇಳಿದ್ದು ಇದಕ್ಕೇ ಅನಿಸುತ್ತೆ. ಬೋಟು ಬೇಕಾದರೆ ಒಂದು ದಿನದಲ್ಲಿ ಕೈ ಬದಲಾಗುತ್ತೆ, ಅದರ ಜೊತೆಗಿದ್ದ ತಿಳಿವಳಿಕೆ ಪಕ್ಕದಲ್ಲಿ ಕೂತೇ ಬರಬೇಕು.

ನವೆಂಬರ್ ಕೊನೆಗೆ ಹತ್ತು ಗಂಟೆ ಮುಗಿಯಿತು. ಹೆಂಡತಿ ಹತ್ತೋ ಮೊದಲು ಮೂರು ಪ್ರಶ್ನೆ ಕೇಳಿದಳು. ಎಂಜಿನ್ ನಿಂತರೆ? ಫೋನ್ ಸಿಗ್ನಲ್ ಇಲ್ಲದಿದ್ದರೆ? ನಿನಗೇ ಏನಾದರೂ ಆದರೆ? ಮೊದಲೆರಡಕ್ಕೆ ಹಗ್ಗ, ಲಂಗರು, ಜೊತೆಯ ಬೋಟು, ಉಪಗ್ರಹಕ್ಕೆ ಸಂಕೇತ ಕಳಿಸೋ ಲೊಕೇಟರ್ ಬೀಕನ್ ತೋರಿಸಿದೆ. ಮೂರನೆಯದಕ್ಕೆ ತೋರಿಸೋಕೆ ವಸ್ತುವಿರಲಿಲ್ಲ, ಅವಳೇ ಕಲಿಯಬೇಕಿತ್ತು. ಎರಡು ಭಾನುವಾರ ಅಜ್ಜ ಅವಳಿಗೆ ಬೋಟು ನಿಲ್ಲಿಸೋದು, ದಡಕ್ಕೆ ತರೋದು ಹೇಳಿಕೊಟ್ಟರು. ಲೈಫ್ ಜಾಕೆಟ್ ಹಾಕಿಕೊಂಡು ಈಜುಕೊಳದಲ್ಲಿ ತೇಲೋದನ್ನೂ ಕಲಿತಳು. ನನಗಿಂತ ಅವಳ ಕಾಲು ಗಟ್ಟಿ ಅಂತ ಅಜ್ಜನ ಅಭಿಪ್ರಾಯ.

ಡಿಸೆಂಬರಿನ ಒಂದು ಶನಿವಾರ ನಾಲ್ಕೂ ಜನ ಹೋದೆವು. ಜಲ್ಲಿ ದಿಬ್ಬಗಳ ಮೇಲೆ ಈ ಕಾಲದಲ್ಲಿ ಹಕ್ಕಿಗಳು ಮೊಟ್ಟೆ ಇಡ್ತವೆ, ಹಾಗಾಗಿ ಅಲ್ಲಿ ಇಳಿಯಲಿಲ್ಲ. ಬೋಟಿನಿಂದಲೇ ದುರ್ಬೀನಿನಲ್ಲಿ ಮಗಳಿಗೆ ರೈಬಿಲ್ ಹಕ್ಕಿ ಸಿಕ್ಕಿತು. ಅದರ ಕೊಕ್ಕು ಬಲಗಡೆಗೆ ಬಾಗಿರುತ್ತೆ, ಕಲ್ಲಿನ ಅಡಿಯ ಹುಳ ತೆಗೆಯೋಕೆ ಅನುಕೂಲ. ಅವಳು ಅದನ್ನು ಅಜ್ಜನಿಗೆ ವರ್ಣಿಸಿದಳು, ಅವರು ಕಣ್ಣು ಮುಚ್ಚಿ ಕೇಳಿದರು.

ಮನೆಗೆ ಬಂದು ಬೋಟಿನ ತಳವನ್ನು ಸೋಪು ನೀರಲ್ಲಿ ತೊಳೆದು ಒಣಗಲು ಬಿಟ್ಟೆವು. ಡಿಡಿಮೊ ಅನ್ನೋ ಪಾಚಿ ಒಂದು ನದಿಯಿಂದ ಇನ್ನೊಂದಕ್ಕೆ ಹೋಗಬಾರದು ಅಂತ ಇಲ್ಲಿ ಎಲ್ಲರೂ ಹೀಗೆ ಮಾಡಬೇಕು. ಬಿರಡೆ ಬಿಚ್ಚಿ ಕೀ ಜೊತೆ ಕಟ್ಟಿದೆ. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದೆ: ಎರಡು ಗಂಟೆ, ನಾಲ್ಕು ಜನ, ನೀರು ತಿಳಿ.